ಹೊಲದ ನಡುವೆ ಹಾದ ಬಂಡಿದಾರಿ: ನಾನು ಜಮೀನು ಕೊಂಡ ಕತೆ

ತಿಪಟೂರಿನ ಕಡೆ ನಾನು ಕೊಂಡಿದ್ದು 2 ಎಕರೆ 10 ಗುಂಟೆ. ಸರ್ವೆಯವರ 33 ಅಡಿ ಸರಪಳಿ ಲೆಕ್ಕದಲ್ಲಿ ಹತ್ತು ಸರಪಳಿ ಉದ್ದ, ಒಂಬತ್ತು ಸರಪಳಿ ಅಗಲ. ಹೆಚ್ಚುಕಡಿಮೆ ಚೌಕ. ಮೊದಲ ಸಲ ನೋಡಲು ಹೋದಾಗ ರಾಗಿ ಕೊಯ್ದಾಗಿತ್ತು. ನೈರುತ್ಯ ಮೂಲೆಯಿಂದ ಈಶಾನ್ಯ ಮೂಲೆಗೆ ಹೊಲವನ್ನು ಸೀಳಿಕೊಂಡು ಎರಡು ಗಾಲಿ ಜಾಡು ಹೋಗಿದ್ದವು.

"ಅದೇನಿಲ್ಲ ಮೇಷ್ಟ್ರೇ, ಹಿಂದಿನ ಹೊಲದೋರು ಬೇಸಿಗೇಲಿ ಅಡ್ಡ ಹಾಯ್ತಾರೆ ಅಷ್ಟೆ. ನೀವು ಬೇಲಿ ಹಾಕ್ಕಂಡ್ರೆ ತಾನಾಗೇ ನಿಲ್ತದೆ" ಅಂದರು ಬ್ರೋಕರ್. ಬೇಸಾಯಗಾರರಲ್ಲದವರು ಕೃಷಿ ಜಮೀನು ಕೊಳ್ಳಲು ಅಡ್ಡಿಯಾಗಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು 2020ರಲ್ಲಿ ತೆಗೆದ ಮೇಲೆ ನಮ್ಮ ಕಡೆ ಬ್ರೋಕರ್‌ಗಳು ಟೀ ಅಂಗಡಿಗಳಿಗಿಂತ ಹೆಚ್ಚಾಗಿದ್ದಾರೆ. ಇಂಥ ಮಾತಿಗೆ ಅವರಲ್ಲಿ ಬರವಿಲ್ಲ.

ಬಗ್ಗಿ ನೋಡಿದೆ. ಗಾಲಿ ಜಾಡುಗಳ ನಡುವೆ ಗರಿಕೆ ದಟ್ಟವಾಗಿ ಹಬ್ಬಿತ್ತು. ರಾಗಿ ಕೂಳೆಯ ಸಾಲುಗಳು ಜಾಡಿನ ಎರಡೂ ಮಗ್ಗುಲಿಗೆ ಬಂದು ನಿಂತಿದ್ದವು. ಅಂದರೆ ಮಾರುವವರೇ ಆ ಪಟ್ಟಿಯನ್ನು ಉಳದೆ, ಬಿತ್ತದೆ ವರ್ಷವರ್ಷ ಬಿಟ್ಟುಕೊಂಡು ಬಂದಿದ್ದಾರೆ. ಬೇಸಿಗೆಯಲ್ಲಷ್ಟೇ ಹಾಯುವ ದಾರಿಯಾಗಿದ್ದರೆ ನೇಗಿಲು ಅದನ್ನು ಪ್ರತಿ ಮುಂಗಾರಿಗೂ ಅಳಿಸಿರುತ್ತಿತ್ತು.

ಕಾಗದಪತ್ರ ತೆಗೆಸಿದೆ. ಪಹಣಿಯ ಮೂರನೇ ಕಾಲಮ್ಮಿನಲ್ಲಿ ಕರಾಬು, ಅಂದರೆ ದಾರಿ, ಹಳ್ಳದಂಥ ಸಾಗುವಳಿಗೆ ಬಾರದ ನೆಲ, ಸೊನ್ನೆ. ಹಕ್ಕು, ಋಣ ಬರೆಯುವ ಹನ್ನೊಂದನೇ ಕಾಲಮ್ಮು ಖಾಲಿ. ಋಣಭಾರ ಪತ್ರ, ಅಂದರೆ ಇಸಿಯಲ್ಲೂ ಏನಿಲ್ಲ. ಅದರಲ್ಲಿ ರಿಜಿಸ್ಟರ್ ಆದ ಪತ್ರಗಳಷ್ಟೇ ಬರುತ್ತವೆ, ರೂಢಿಯ ದಾರಿ ಎಲ್ಲಿ ರಿಜಿಸ್ಟರ್ ಆಗಿರುತ್ತೆ? ಗ್ರಾಮ ನಕಾಶೆಯಲ್ಲಿ ಚುಕ್ಕೆ ಗೆರೆಯ ಬಂಡಿದಾರಿ ಊರ ಕಡೆಯಿಂದ ಬಂದು ನಮ್ಮ ಸರ್ವೆ ನಂಬರಿನ ಮೂಲೆಗೇ ನಿಂತಿತ್ತು. ಅಲ್ಲಿಂದಾಚೆಗೆ ನಕಾಶೆಯಲ್ಲಿ ದಾರಿಯಿಲ್ಲ, ನೆಲದ ಮೇಲೆ ಇದೆ.

ಇಷ್ಟಾದ ಮೇಲೆ ಬ್ರೋಕರ್‌ನ ಬಿಟ್ಟು ಒಬ್ಬನೇ ಹಿಂದಿನ ಹೊಲದ ಯಜಮಾನರ ಮನೆಗೆ ಹೋದೆ. ಎಪ್ಪತ್ತು ದಾಟಿದವರು, ಜಗಲಿಯ ಮೇಲೆ ಕೊಬ್ಬರಿ ಹೋಳು ಮಾಡುತ್ತಿದ್ದರು.

"ಬೇಲಿ ಹಾಕೋಕೆ ಮುಂಚೆ ಹೇಳಿ ಹೋಗೋಣ ಅಂತ ಬಂದ್ರಾ ಸ್ವಾಮಿ?" ಅಂತ ತಲೆ ಎತ್ತದೆ ಕೇಳಿದರು. ಬ್ರೋಕರ್ ಮಾತು ನನಗಿಂತ ಮೊದಲೇ ಅವರ ಮನೆ ತಲುಪಿತ್ತು.

"ಇಲ್ಲ ಯಜಮಾನ್ರೇ, ದಾರಿ ಯಾವ ಕಾಲದ್ದು ಅಂತ ತಿಳ್ಕೊಳ್ಳೋಣ ಅಂತ ಬಂದೆ."

ಒಳಗೆ ಹೋಗಿ ಟ್ರಂಕು ತೆಗೆದು, ಗೊಬ್ಬರದ ಚೀಲದ ಒಳಕವರಿನಲ್ಲಿ ಸುತ್ತಿಟ್ಟಿದ್ದ ಕಾಗದ ತಂದರು. 1974ರ ಪಾಲುಪಟ್ಟಿ. ಎರಡು ಜಮೀನೂ ಒಂದು ಕಾಲಕ್ಕೆ ಒಂದೇ ನಂಬರು. ಅಣ್ಣತಮ್ಮಂದಿರು ಹಂಚಿಕೊಂಡಾಗ ಹಿಂದಲ ಪಾಲಿನವರು ಮುಂದಲ ಪಾಲಿನಲ್ಲಿ "ಗಾಡಿ ಎತ್ತು ಹೊಡೆದುಕೊಂಡು ತಿರುಗಾಡತಕ್ಕದ್ದು" ಅಂತ ಬರೆಸಿದ್ದಾರೆ. ಅಗಲ ಎಷ್ಟು, ಎಲ್ಲಿ ಹಾಯಬೇಕು, ಒಂದೂ ಇಲ್ಲ. ಮಾರುವವರ ಹತ್ತಿರ ಈ ಕಾಗದದ ಪ್ರತಿಯೇ ಇರಲಿಲ್ಲ. ಬೇಡದ ಕಾಗದ ಯಾರು ಜೋಪಾನ ಮಾಡುತ್ತಾರೆ? ದಾರಿಯ ಕಾಗದ ಹುಡುಕುವವರು ದಾರಿ ಬಳಸುವವರ ಮನೆಯಲ್ಲಿ ಹುಡುಕಬೇಕು.

ವಕೀಲರು ನೋಡಿ, ಇದು ರಿಜಿಸ್ಟರ್ ಆಗಿಲ್ಲ ಅಂತ ಖುಷಿ ಪಡಬೇಡಿ ಅಂದರು. ಬೇರೆಯವರ ಜಮೀನಿನ ಮೇಲೆ ದಾರಿಯಂಥ ಹಕ್ಕುಗಳ ಬಗ್ಗೆ ಇರುವ 1882ರ ಈಸ್‌ಮೆಂಟ್ ಕಾಯ್ದೆಯ 15ನೇ ಕಲಂ ಪ್ರಕಾರ ಇಪ್ಪತ್ತು ವರ್ಷ ಎಲ್ಲರ ಕಣ್ಣೆದುರಿಗೆ, ತಕರಾರಿಲ್ಲದೆ, ಹಕ್ಕು ಅಂತಲೇ ಓಡಾಡಿದ್ದರೆ ದಾರಿಯ ಹಕ್ಕು ಅವರದಾಗುತ್ತದೆ. ಪಾಲಾದ ಜಮೀನಿಗೆ ಬೇರೆ ದಾರಿಯೇ ಇಲ್ಲದಿದ್ದರೆ 13ನೇ ಕಲಂ ಬೇರೆ ಇದೆ. ಬೇಲಿ ಹಾಕಿದ್ದರೆ ಕೋರ್ಟಿನಲ್ಲಿ ಮೊದಲ ತಾರೀಖಿಗೇ ತಡೆಯಾಜ್ಞೆ ಬರುವಂಥ ಕೇಸು.

ಒಂದು ವಾರ ಜಮೀನೇ ಬೇಡ ಅಂತಿದ್ದೆ. ಆಮೇಲೆ ಕಾಗದದ ಮೇಲೆ ಗೆರೆ ಎಳೆದು ಲೆಕ್ಕ ಹಾಕಿದೆ. ನನ್ನ ಕಷ್ಟ ದಾರಿ ಇರುವುದಲ್ಲ, ಅದು ಓರೆಯಾಗಿ ಹಾಯುವುದು. ತೆಂಗನ್ನು 30 ಅಡಿ ಅಂತರಕ್ಕೆ ಇಟ್ಟರೆ ಇಡೀ ಜಮೀನಿಗೆ ನೂರೆಂಟು ಗಿಡ ಹಿಡಿಯುತ್ತದೆ. ಹೊಲ ಎರಡು ತ್ರಿಕೋನವಾಗಿ ಒಡೆದಿದ್ದರೆ ಸಾಲೂ ಕೂಡದು, ನೀರಿನ ಪೈಪೂ ಕೂಡದು. ಓರೆ ದಾರಿ 444 ಅಡಿ, 12 ಅಡಿ ಅಗಲಕ್ಕೆ ಸುಮಾರು 5 ಗುಂಟೆ. ಅದನ್ನೇ ತೆಂಕಲ ಬದು, ಮೂಡಲ ಬದುವಿನ ಗುಂಟ ತಿರುಗಿಸಿದರೆ 627 ಅಡಿ, 7 ಗುಂಟೆ. ಎರಡು ಗುಂಟೆ ಹೆಚ್ಚಿಗೆ ಹೋಗುತ್ತದೆ, ಉಳಿದದ್ದು ಒಂದೇ ತುಂಡಾಗಿ ಸಿಗುತ್ತದೆ. ನನಗೆ ಲಾಭ ಅನ್ನಿಸಿತು.

ಆದರೆ ದಾರಿ ಜರುಗಿಸುವುದು ನನ್ನೊಬ್ಬನ ಕೈಲಿಲ್ಲ. ದಾರಿ ಹಕ್ಕಿರುವವರು ಮನಸ್ಸು ಬಂದಲ್ಲಿ ಹಾಯುವಂತಿಲ್ಲ ಅಂತ 23ನೇ ಕಲಂ ಹೇಳುತ್ತದೆ. ಅವರಿಗೆ ತೊಂದರೆಯಾಗದಿದ್ದರೆ ದಾರಿಯನ್ನು ಇಂಥ ಭಾಗಕ್ಕೆ ಸೀಮಿತ ಮಾಡಿ ಅಂತ ಜಮೀನಿನವರು ಕೇಳಬಹುದು, ಅದು 22. ಇಲ್ಲಿ ತೊಂದರೆ ಇದ್ದೇ ಇತ್ತು. ಯಜಮಾನರು ಹೊಸ ದಾರಿಯನ್ನು ಹೆಜ್ಜೆ ಹಾಕಿ ಅಳೆದು, "ಮೂವತ್ತು ಮಾರು ಬಳಸು ಮೇಷ್ಟ್ರೇ" ಅಂದರು. ಮಾರಿಗೆ ಆರಡಿಯಂತೆ ಲೆಕ್ಕ ಸರಿಯಾಗಿತ್ತು. ಆ ಮೂವತ್ತು ಮಾರಿಗೆ ಅವರು ಕೇಳಿದ್ದು ಮೂರು: ದಾರಿ ಬರಹದಲ್ಲಿರಬೇಕು, ಟ್ರ್ಯಾಕ್ಟರ್ ಅಂತ ಬರೆಯಬೇಕು, ಗರಸು ನಾನು ಹೊಡೆಸಬೇಕು. ಎರಡನೆಯದನ್ನು ಅವರು ಸುಮ್ಮನೆ ಕೇಳಿದ್ದಲ್ಲ. ಒಂದು ಬಗೆಯ ದಾರಿ ಹಕ್ಕಿನಲ್ಲಿ ಇನ್ನೊಂದು ಬಗೆಯದು ಸೇರುವುದಿಲ್ಲ ಅಂತ ಕಾಯ್ದೆಯಲ್ಲೇ ಇದೆ. ಎತ್ತಿನ ಗಾಡಿ ಅಂತ ಬರೆದ ಕಾಗದ ಹಿಡಿದು ಟ್ರ್ಯಾಕ್ಟರ್‌ಗೆ ಅಡ್ಡ ನಿಲ್ಲುವವರು ಎಷ್ಟು ಊರಲ್ಲಿಲ್ಲ!

ಮೊದಲು ಹದ್ದುಬಸ್ತಿಗೆ, ಅಂದರೆ ಸರ್ವೆಯವರಿಂದ ಗಡಿ ಗುರುತು ಮಾಡಿಸಲು, ಅರ್ಜಿ ಹಾಕಿಸಿ ಕಲ್ಲು ನೆಡಿಸಿದೆವು. ಆಮೇಲೆ ಸುಣ್ಣದ ಪುಡಿಯಲ್ಲಿ 12 ಅಡಿಗೆ ಎರಡು ಗೆರೆ ಎಳೆದೆವು. ಅಳತೆ ಹಿಡಿದಿದ್ದು ಬದುವಿನ ಒಳಮಗ್ಗುಲಿಂದ. ಗಡಿ ಕಲ್ಲಿಂದ ಹಿಡಿದರೆ ಬದುವೇ ಎರಡು ಮೂರು ಅಡಿ ತಿಂದು, 12 ಅಂತ ಬರೆದದ್ದು ನೆಲದ ಮೇಲೆ 9 ಆಗುತ್ತದೆ. ಯಜಮಾನರ ಮಗ ಟ್ರೈಲರ್ ಸಮೇತ ಟ್ರ್ಯಾಕ್ಟರ್ ತಂದು ಓಡಿಸಿದ. ನೇರ ದಾರಿಯಲ್ಲಿ ಸಲೀಸು. ಮೂಲೆಯಲ್ಲಿ ಇಂಜಿನ್ ಗೆರೆಯೊಳಗೇ ತಿರುಗಿತು, ಟ್ರೈಲರ್‌ನ ಹಿಂದಿನ ಗಾಲಿ ಮಾತ್ರ ಒಳಗೆರೆ ದಾಟಿ ಒಂದು ಮೊಳ ನನ್ನ ಹೊಲಕ್ಕೆ ಬಂದು ಸುಣ್ಣ ಮೆತ್ತಿಕೊಂಡು ಹೋಯಿತು. ಮತ್ತೆ ಎರಡು ಸಲ ಓಡಿಸಿದ, ಮತ್ತೆ ಅದೇ. ಅಲ್ಲಿ ಹದಿನೈದು ಅಡಿಗೆ ಮೂಲೆ ಕತ್ತರಿಸಿ ಬಿಟ್ಟೆವು. ನಕ್ಷೆಯಲ್ಲಿ ಅದು ಉಗುರಿನಷ್ಟು ತ್ರಿಕೋನ. ಅದಿಲ್ಲದಿದ್ದರೆ ವರ್ಷಕ್ಕೊಂದು ಜಗಳ ಗ್ಯಾರಂಟಿ.

ಬರವಣಿಗೆಯಲ್ಲಿ ಎಳೆದಾಡಿದ್ದು ಒಂದೇ ಸಾಲಿಗೆ. ದಾರಿ ಹಿಂದಿನ ಜಮೀನಿನ ಬೇಸಾಯಕ್ಕೆ ಮಾತ್ರ ಅಂತ ನಾನು ಬರೆಸಿದ್ದೆ. "ನಾಳೆ ಹುಡುಗ್ರು ಅಲ್ಲೇ ಮನೆ ಕಟ್ಟಿದ್ರೆ ಸೊಸೆ ಹಾರಿ ಬರ್ಬೇಕಾ?" ಅಂದರು ಯಜಮಾನರ ಹೆಂಡತಿ. ಅಜ್ಜಿ ಹೇಳಿದ್ದು ನ್ಯಾಯ. ಬೇಸಾಯ ಮತ್ತು ಮನೆಯವರ ವಾಸಕ್ಕೆ ಸರಿ, ಲೇಔಟ್ ಮಾಡಿ ಸೈಟು ಮಾರಿದರೆ ಇಲ್ಲ ಅಂತ ತಿದ್ದಿದೆವು. ಹಿಂದಿನ ಜಮೀನಿನ ಪಹಣಿಯಲ್ಲಿ ಮೂವರು ಅಣ್ಣತಮ್ಮಂದಿರ ಹೆಸರು ಜಂಟಿಯಾಗಿತ್ತು. ಮೂವರದೂ ಸಹಿ ಬೇಕು ಅಂತ ವಕೀಲರು ಹಟ ಹಿಡಿದು ಬೆಂಗಳೂರಲ್ಲಿದ್ದ ಕಿರಿಯರನ್ನೂ ಕರೆಸಿದರು. ಕ್ರಯಪತ್ರ, ಹಿಂದೆಯೇ ದಾರಿ ಕರಾರು, ನಕ್ಷೆ ಲಗತ್ತಿಸಿ ಎರಡನ್ನೂ ಒಂದೇ ದಿನ ರಿಜಿಸ್ಟರ್ ಮಾಡಿಸಿದೆವು. ಈಗ ಇಸಿ ತೆಗೆಸಿದರೆ ದಾರಿ ಕಾಣುತ್ತದೆ. ಬೆಲೆಯಲ್ಲಿ, ಗುಂಟೆಗೆ 50 ಸಾವಿರದಂತೆ, ಹಳೆ ಜಾಡಿನ 5 ಗುಂಟೆಗೆ ಅರ್ಧ ಹಣ ಬಿಡಿಸಿದೆ. ಮಾರುವವರು ಮುಖ ಗಂಟು ಹಾಕಿದರು, ಆದರೂ ಒಪ್ಪಿದರು. ಹೊಸ ಎರಡು ಗುಂಟೆ ನನ್ನ ಅನುಕೂಲಕ್ಕೆ, ಅದನ್ನು ಕೇಳಲಿಲ್ಲ.

ಇಷ್ಟೆಲ್ಲ ಮಾಡಿಯೂ ಎಡವಿದ್ದು ನಾನೇ. ದಾರಿಯ ಅಂಚಿನಿಂದ ಎಂಟಡಿಗೆ ಮೊದಲ ಸಾಲು ತೆಂಗು ಇಟ್ಟೆ. ಎಳೆ ತೆಂಗಿನ ಗರಿ ಮೇಲೇರುವ ಮುಂಚೆ ಅಡ್ಡಡ್ಡ ಚಾಚುತ್ತೆ ಅನ್ನುವುದು ತೋಟದವರ ಮನೆಯಲ್ಲಿ ಹುಟ್ಟಿದ ನನಗೆ ಹೊಳೆಯಬೇಕಿತ್ತು. ಈಗ ಹುಲ್ಲಿನ ಲೋಡು ಬಂದಾಗಲೆಲ್ಲ ಗರಿಗಳು ಲೋಡಿಗೆ ಕೈ ಹಾಕುತ್ತವೆ. ದಾರಿಗೆ ಅಡ್ಡಲಾಗಿ ಒಂದಡಿ ಆಳಕ್ಕೆ ಹೂತಿದ್ದ ಪಿವಿಸಿ ಪೈಪು ಮೊದಲ ಮಳೆಗೇ ಟ್ರ್ಯಾಕ್ಟರ್ ಭಾರಕ್ಕೆ ಒಡೆಯಿತು. ಆಮೇಲೆ ಎರಡಡಿ ಆಳ ತೆಗೆದು, ದಪ್ಪ ಕಬ್ಬಿಣದ ಪೈಪು ಹಾಕಿ ಅದರೊಳಗೆ ತೂರಿಸಿದ್ದೇನೆ.

ಹೋದ ಮಳೆಗಾಲ ಆ ಕತ್ತರಿಸಿದ ಮೂಲೆಯಲ್ಲಿ ಗರಸು ಕಿತ್ತು ಕೆಸರಾಯಿತು. ಮೊದಲ ಸಲದ ಗರಸು ನನ್ನದು ಅಂತ ಕರಾರಿನಲ್ಲಿದೆ, ಎರಡನೇ ಸಲದ್ದು ಯಾರದು ಅಂತ ಬರೆಸಿರಲಿಲ್ಲ. ಮೊನ್ನೆ ಯಜಮಾನರು ಸಿಕ್ಕಾಗ, "ಎರಡು ಲೋಡು ಬೇಕು, ಒಂದು ನಿಮ್ದು ಒಂದು ನಮ್ದು. ಹರಡೋ ಕೂಲಿ ಆಮೇಲೆ ನೋಡನ" ಅಂದಿದ್ದಾರೆ. ಲೋಡು ಇನ್ನೂ ಬಂದಿಲ್ಲ.