ಪಡುವಣ ಕಿಟಕಿಯನ್ನು ಮುಚ್ಚಿದ ನನ್ನ ಅನುಭವ

ಅಂಕೋಲಾ ತಾಲೂಕಿನ ಅವರ್ಸಾ ಸಮೀಪದಲ್ಲಿರುವ ನಮ್ಮ ಮನೆಯ ಗೋಡೆಗಳು ಒಂಬತ್ತು ಇಂಚು ದಪ್ಪದ ಚಿರೆಕಲ್ಲಿನವು (ಕೆಂಪು ಜಂಬಿಟ್ಟಿಗೆ ಕಲ್ಲು). ಮಾಡು ಮಂಗಳೂರು ಹಂಚಿನದು. ಮಲಗುವ ಕೋಣೆಯಲ್ಲಿ ಪಡುವಣಕ್ಕೆ 3 ಅಡಿ ಅಗಲ, 4 ಅಡಿ ಎತ್ತರದ ಕಿಟಕಿಯೊಂದಿತ್ತು. ಜೂನ್ ತಿಂಗಳಲ್ಲಿ ಮಿರ್ಗದ (ಮೃಗಶಿರಾ) ಮಳೆ ಹಿಡಿಯಿತೆಂದರೆ ಸಮುದ್ರದ ಕಡೆಯ ಗಾಳಿ ನೀರನ್ನು ಅಡ್ಡವಾಗಿಯೇ ತಂದು ಅದಕ್ಕೆ ಅಪ್ಪಳಿಸುತ್ತಿತ್ತು. ಕಿಟಕಿಯ ಮೇಲೆ ಹೊರಚಾಚಿದ ಒಂದೂವರೆ ಅಡಿಯ ಛಜ್ಜಾ ಆ ಎರಚಲಿಗೆ ಸಾಲುತ್ತಿರಲಿಲ್ಲ. ತಂದೆಯವರು ಇದ್ದಾಗ ಪ್ರತಿ ಮಳೆಗಾಲಕ್ಕೂ ಹೊರಗಿನಿಂದ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಈಗ ಅದನ್ನು ಹೆಣೆದುಕೊಡುವವರು ಸಿಗುವುದು ಕಷ್ಟ.

ಮೊದಲು ನಾನು ಖರ್ಚು ಉಳಿಸಲೆಂದು ಚೌಕಟ್ಟನ್ನು ಹಾಗೆಯೇ ಬಿಟ್ಟು, ಒಳಗೂ ಹೊರಗೂ ಪ್ಲೈವುಡ್ ಹಲಗೆ ಹೊಡೆಸಿದೆ. ಒಂದೇ ಮಳೆಗಾಲದಲ್ಲಿ ಹೊರಗಿನ ಹಲಗೆ ಉಬ್ಬಿ ಪದರು ಪದರಾಗಿ ಬಿಚ್ಚಿಕೊಂಡಿತು, ಬೆಳಕು ಗಾಳಿ ಇಲ್ಲದ ನಡುವಿನ ಜಾಗದಲ್ಲಿ ಒರಲೆ (ಗೆದ್ದಲು) ಹತ್ತಿತು. ಕಟ್ಟಿಗೆಯನ್ನು ಗೋಡೆಯೊಳಗೆ ಹುದುಗಿಸುವುದು ತಪ್ಪೆಂದು ಆಗ ತಿಳಿಯಿತು. ಅದು ಮಳೆಗೆ ಹಿಗ್ಗಿ ಬಿಸಿಲಿಗೆ ಕುಗ್ಗುವುದರಿಂದ ಸಿಮೆಂಟು ಅದರೊಂದಿಗೆ ಕಚ್ಚಿಕೊಳ್ಳುವುದಿಲ್ಲ. ಬಿಟ್ಟ ಸಂದಿನಲ್ಲಿ ನೀರು ಇಳಿಯುತ್ತದೆ.

ಆದ್ದರಿಂದ ಮುಂದಿನ ಫೆಬ್ರವರಿಯಲ್ಲಿ, ಮಳೆಗೆ ಮೊದಲು ಗೋಡೆ ಒಣಗಲು ಮೂರು ತಿಂಗಳಾದರೂ ಸಿಗಲೆಂದು, ಕಲ್ಲು ಕಟ್ಟಿಯೇ ಮುಚ್ಚಲು ನಿಶ್ಚಯಿಸಿದೆ. ಗೋಡೆ ಕಟ್ಟುವ ಗೌಂಡಿಯವರನ್ನು ಎರಡು ದಿನಗಳಿಗೆ ಮಾತ್ರ ಕರೆದು, ಉಳಿದ ಕೆಲಸವನ್ನು ನಾನೇ ಮಾಡಿದೆ. ಕಲ್ಲಿಗೆ ಹಣ ಕೊಡಬೇಕಾಗಲಿಲ್ಲ; ಕೆಡವಿದ ಹಳೆಯ ಕೊಟ್ಟಿಗೆಯ ಚಿರೆಕಲ್ಲುಗಳು ಹಿತ್ತಲಲ್ಲಿ ಬಿದ್ದಿದ್ದವು. ಅವುಗಳಲ್ಲಿ ಗಟ್ಟಿಯಾದ 18 ಆರಿಸಿ, ಹಳೆಯ ಗಾರೆಯನ್ನೂ ಹಾವಸೆಯನ್ನೂ ತಂತಿ ಬ್ರಷ್‌ನಿಂದ ಉಜ್ಜಿ ತೆಗೆದೆ. 50 ಕೆ.ಜಿ.ಯ ಒಂದು ಚೀಲ ಸಿಮೆಂಟು, ಹತ್ತು ಬುಟ್ಟಿ ಹೊಳೆಯ ಹೊಯ್ಗೆ (ಮರಳು), ಸ್ವಲ್ಪ ತಂತಿಯ ಕೋಳಿಬಲೆ, ನೀರು ತಡೆಯುವ ಪುಡಿ, ಗೋಡೆಯ ಕೆಲಸಕ್ಕೆ ಇಷ್ಟನ್ನೇ ಕೊಂಡದ್ದು. ಕಡಲ ಹೊಯ್ಗೆ ಮನೆಯ ಹತ್ತಿರವೇ ಇದ್ದರೂ ಅದನ್ನು ಮುಟ್ಟಲಿಲ್ಲ. ಅದರ ಉಪ್ಪು ತೇವವನ್ನು ಎಳೆಯುತ್ತದೆ, ಗೋಡೆಯ ಮೇಲೆ ಬಿಳಿಯಾಗಿ ಒಡೆದು ಗಿಲಾಯಿಯನ್ನು (ಗೋಡೆಗೆ ಬಳಿದ ಗಾರೆಯನ್ನು) ಉದುರಿಸುತ್ತದೆ.

ಚೌಕಟ್ಟಿನ ಕಬ್ಬಿಣದ ಹಿಡಿಗಳು ಕಲ್ಲಿನೊಳಗೆ ಹುಗಿದಿರುತ್ತವೆ. ಹಾರೆ ಹಾಕಿ ಮೀಟಿದರೆ ಅಕ್ಕಪಕ್ಕದ ಕಲ್ಲುಗಳೇ ಸಡಿಲವಾಗುತ್ತವೆ. ಹಾಗಾಗಿ ನಿಲುವುಗಳನ್ನು ನಡುವೆ ಗರಗಸದಿಂದ ಕೊಯ್ದು, ಒಳಮುಖವಾಗಿ ಬಗ್ಗಿಸಿ ತೆಗೆದೆವು. ಕಿಟಕಿಯ ಮೇಲಿನ ಗೋಡೆಯನ್ನು ಹೊರುವ ಕಾಂಕ್ರೀಟ್ ಲಿಂಟಲ್ ಹಾಗೆಯೇ ಇರಬೇಕು. ಗೌಂಡಿಯವರು ಎರಡೂ ಬದಿಯಲ್ಲಿ ಒಂದು ವರಸೆ (ಕಲ್ಲಿನ ಸಾಲು) ಬಿಟ್ಟು ಒಂದರಲ್ಲಿ ಮೂರು ಇಂಚು ಆಳದ ಹಲ್ಲು ಕೆತ್ತಿದರು, ಆದರೆ ಲಿಂಟಲ್ ಕೂತಿರುವ ಕಲ್ಲನ್ನೂ ಅದರ ಕೆಳಗಿನದನ್ನೂ ಮುಟ್ಟಲಿಲ್ಲ. ಹೊಸ ಕಟ್ಟು ಹಳೆಯ ಗೋಡೆಯನ್ನು ಹಿಡಿದುಕೊಳ್ಳುವುದು ಈ ಹಲ್ಲುಗಳಿಂದಲೇ. ಇದನ್ನು ತಪ್ಪಿಸಿದರೆ ಮುಚ್ಚಿದ ಭಾಗ ಬಿರಡೆಯಂತೆ ಬೇರೆಯಾಗಿಯೇ ಉಳಿಯುತ್ತದೆ.

ಚಿರೆಕಲ್ಲು ತೂತುತೂತಾಗಿದ್ದು ನೀರು ಕುಡಿಯುತ್ತದೆ. ಒಣ ಕಲ್ಲಿಟ್ಟರೆ ಅದು ಗಾರೆಯ ನೀರನ್ನು ಹೀರಿ ಗಾರೆ ಪುಡಿಯಾಗುವುದರಿಂದ, ಕಲ್ಲುಗಳನ್ನು ಹಿಂದಿನ ರಾತ್ರಿಯೇ ನೆನೆಸಿಟ್ಟು, ಹಳೆಯ ಅಂಚುಗಳಿಗೂ ನೀರು ಹೊಡೆದೆವು. ಸಿಮೆಂಟು ಒಂದು ಪಾಲು, ಹೊಯ್ಗೆ ಆರು ಪಾಲು. ವರಸೆಗೆ ಎರಡು ಪೂರ್ತಿ ಕಲ್ಲು ಮತ್ತು ಒಂದು ತುಂಡು. ಆರು ವರಸೆ ಮುಗಿದಾಗ ಲಿಂಟಲಿನ ಕೆಳಗೆ ಸುಮಾರು ಮೂರು ಇಂಚು ಸಂದು ಉಳಿಯಿತು. ಅದನ್ನು ಅಂದೇ ತುಂಬುವ ಆತುರ ನನ್ನದಾಗಿತ್ತು. "ತಡೀರಿ, ಗಾರೆ ಗಟ್ಟಿಯಾಗಿ ಕೂತ ಮೇಲೆ ತುಂಬೋಣ" ಎಂದು ಗೌಂಡಿಯವರು ನಿಲ್ಲಿಸಿದರು. ಒಂದು ವಾರ ಬೆಳಿಗ್ಗೆ ಸಂಜೆ ನೀರು ಹೊಡೆದು, ಆಮೇಲೆ ಕಲ್ಲಿನ ಚೂರು ಮತ್ತು ಗಟ್ಟಿಯಾಗಿ ಕಲಸಿದ ಗಾರೆಯನ್ನು ಅದರಲ್ಲಿ ಒತ್ತಿ ತುಂಬಿದೆ. ಮೊದಲೇ ತುಂಬಿದ್ದರೆ ಗಾರೆ ಕುಗ್ಗಿದಾಗ ಅಲ್ಲಿಯೇ ಬಿರುಕು ಬಿಡುತ್ತಿತ್ತು.

ಗೌಂಡಿಯವರು ಬಂದ ಎರಡನೆಯ ದಿನ ಗಿಲಾಯಿ. ಹೊರಗೆ ಹಳೆಯ ಮತ್ತು ಹೊಸ ಕಲ್ಲು ಕೂಡುವ ಗೆರೆಯ ಮೇಲೆ ಎರಡೂ ಬದಿಗೆ ನಾಲ್ಕು ನಾಲ್ಕು ಇಂಚು ಬರುವಂತೆ ಕೋಳಿಬಲೆ ಬಡಿದು, ಒಂದಕ್ಕೆ ನಾಲ್ಕರಂತೆ ಗಾರೆ ಕಲಸಿ, ನೀರು ತಡೆಯುವ ಪುಡಿ ಸೇರಿಸಿ, 15 ಮಿ.ಮೀ. ದಪ್ಪಕ್ಕೆ ಬಳಿದರು. ಒಳಗಡೆ ಬಲೆ ಬೇಡವೆಂದು ನಾನೇ ಹೇಳಿದೆ.

ಕಿಟಕಿ ಹೋದ ಮೇಲೆ ಕೋಣೆ ಕತ್ತಲಾಯಿತು. ಮಾಡಿನ ಎರಡು ಹಂಚು ತೆಗೆದು ಗಾಜಿನ ಹಂಚು ಹಾಕಿಸಿದೆ; ಹಗಲಿಗೆ ದೀಪ ಬೇಕಾಗುವುದಿಲ್ಲ. ಗಾಳಿಗೆ ಬಡಗಣದ ಕಿಟಕಿ ಮೊದಲೇ ಇತ್ತು. ಅದು ಇಲ್ಲದಿದ್ದರೆ ಇದನ್ನು ಪೂರ್ತಿ ಮುಚ್ಚುತ್ತಿರಲಿಲ್ಲ, ಏಕೆಂದರೆ ನಮ್ಮ ಕಡೆಯ ಮಳೆಗಾಲದಲ್ಲಿ ಗಾಳಿಯಾಡದ ಕೋಣೆಯ ಬಟ್ಟೆಬರೆಗಳಿಗೆಲ್ಲ ಬೂಸು ಹಿಡಿಯುತ್ತದೆ.

ಆ ವರ್ಷದ ಮಳೆಗಾಲದಲ್ಲಿ ಹೊರಗಿನ ಗೋಡೆಯಲ್ಲಿ ಏನೂ ಆಗಲಿಲ್ಲ. ಒಳಗೆ ಬಲೆ ಹಾಕದೆ ಬಿಟ್ಟ ಎಡಬದಿಯ ಗೆರೆಯುದ್ದಕ್ಕೂ ಕೂದಲೆಳೆಯಷ್ಟು ಬಿರುಕು ಕಂಡಿತು, ನೀರು ಮಾತ್ರ ಬರಲಿಲ್ಲ. ಅಕ್ಟೋಬರಿನಲ್ಲಿ ಅದನ್ನು ಕೆರೆದು ಅಗಲಿಸಿ, ಉಳಿದಿದ್ದ ಬಲೆಯ ತುಂಡನ್ನು ಅಲ್ಲಿ ಬಡಿದು, ಮತ್ತೆ ಗಿಲಾಯಿ ಮಾಡಿ ಸುಣ್ಣ ಬಳಿದಿದ್ದೇನೆ.