ಹಿಮ್ಮಡಿ ನೋವು ಹಿಡಿತಕ್ಕೆ ಬಂದ ಬಗೆ

ಬೆಳಿಗ್ಗೆ ಮೊದಲ ಹೆಜ್ಜೆಗೇ ಹಿಮ್ಮಡಿಗೆ ಮೊಳೆ ಹೊಡೆದಂಥ ನೋವು. ಸ್ವಲ್ಪ ನಡೆದರೆ ಇಳಿಯುತ್ತಿತ್ತು, ಬಹಳ ಹೊತ್ತು ಕುಳಿತು ಎದ್ದರೆ ಮತ್ತೆ ಹಾಜರು. ಇಷ್ಟು ಕೇಳಿಯೇ ವೈದ್ಯರು ಪ್ಲಾಂಟರ್ ಫ್ಯಾಸಿಯೈಟಿಸ್, ಅಂದರೆ ಅಂಗಾಲಿನ ಪಟ್ಟಿಯ ತೊಂದರೆ, ಎಂದರು. ಎಕ್ಸ್-ರೇಯಲ್ಲಿ ಹಿಮ್ಮಡಿ ಮೂಳೆಯಿಂದ ಮುಳ್ಳಿನಂತೆ ಚಾಚಿದ ಬೆಳವಣಿಗೆಯೂ ಕಂಡಿತು. ಆದರೆ ನೋವೇ ಇಲ್ಲದ ಎಷ್ಟೋ ಜನರಲ್ಲೂ ಅದು ಇರುತ್ತದಂತೆ, ಹಾಗಾಗಿ ಅದರ ಚಿಂತೆ ಬಿಟ್ಟೆ.

ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ಗಟ್ಟಿ ಪಟ್ಟಿಯಿದೆ. ಮಲಗಿದಾಗ ಪಾದ ಕೆಳಕ್ಕೆ ಬಾಗಿ ಈ ಪಟ್ಟಿ ಬಿಗಿದುಕೊಳ್ಳುತ್ತದೆ. ಎದ್ದೊಡನೆ ಮೈಭಾರ ಬಿದ್ದಾಗ ಅದು ಜಗ್ಗುತ್ತದೆ. ಅಂದಮೇಲೆ ಅದನ್ನು ಹಾಸಿಗೆಯ ಮೇಲೆಯೇ ಸಡಿಲಿಸಬೇಕಲ್ಲವೇ? ನೋವಿರುವ ಕಾಲನ್ನು ಇನ್ನೊಂದು ತೊಡೆಯ ಮೇಲಿಟ್ಟು, ಬೆರಳುಗಳನ್ನು ಕೈಯಿಂದ ಮೊಣಕಾಲಿನ ಕಡೆಗೆ ಎಳೆದು 10 ಸೆಕೆಂಡ್ ಹಿಡಿಯುವುದು, ಹೀಗೆ 10 ಬಾರಿ. ದಿನಕ್ಕೆ 3 ಸಲ, ಮೊದಲನೆಯದು ನೆಲಕ್ಕೆ ಕಾಲಿಡುವ ಮುನ್ನ. ಅಂಗಾಲಿನ ಪಟ್ಟಿ ಕೈಬೆರಳಿಗೆ ತಂತಿಯಂತೆ ಬಿಗಿಯಾಗಿ ಸಿಕ್ಕರೆ ಎಳೆತ ಸರಿಯಾಗಿದೆ ಎಂದರ್ಥ.

ಗೋಡೆಗೆ ಕೈಕೊಟ್ಟು ಮೀನಖಂಡ ಹಿಗ್ಗಿಸುವುದನ್ನೂ ಸೇರಿಸಿಕೊಂಡೆ. ನೋವು ತಗ್ಗಿದ ಮೇಲೆ ಬೆರಳುಗಳ ಕೆಳಗೆ ಸುತ್ತಿದ ಟವೆಲ್ ಇಟ್ಟು, ದಿನ ಬಿಟ್ಟು ದಿನ ನಿಧಾನವಾಗಿ ಹಿಮ್ಮಡಿ ಎತ್ತಿ ಇಳಿಸಿದೆ. ಬಹಳ ಬೇಸರದ ಕೆಲಸ, ಆದರೂ ಪಟ್ಟಿಗೆ ಬಲ ಬರುವುದು ಇದರಿಂದಲೇ. ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕಿಕೊಂಡೆ. ಸ್ಟೀರಾಯ್ಡ್ ಚುಚ್ಚುಮದ್ದು ಬೇಡವೆಂದೆ. ಅದರ ಉಪಶಮನ ತಾತ್ಕಾಲಿಕ, ಪಟ್ಟಿ ಹರಿಯುವ ಅಪಾಯವೂ ಉಂಟು.

ಗುಣವಾಗಲು ತಿಂಗಳುಗಳೇ ಬೇಕು. ಪಾದ ಜೋಮು ಹಿಡಿದರೆ, ಊತ ಅಥವಾ ಜ್ವರ ಬಂದರೆ, ಮಲಗಿದಾಗಲೂ ನೋವಿದ್ದರೆ ಕಾರಣ ಬೇರೆಯಿರಬಹುದು. ಆಗ ಮೊದಲು ವೈದ್ಯರಿಗೆ ತೋರಿಸಿ.