ಮನೆಯಲ್ಲಿ ಹಿಂದೆ ಕೂಸು ಹೋಗಿದ್ದರೆ, ಮುಂದಿನ ಬಸಿರಿಗೆ ಮೊದಲು ಈ ಹಾಳೆ ಬರೆಯಿರಿ

ಎಷ್ಟು ಮಕ್ಕಳು ಅಂತ ಯಾರೇ ಕೇಳಿದರೂ ನಮ್ಮ ಆಯಿ ಐದು ಅನ್ನುತ್ತಿದ್ದಳು. ಒಂದು ದಿನ ನಾನು ಬೇರೆ ಥರ ಕೇಳಿದೆ. "ಆಯಿ, ಒಟ್ಟು ಎಷ್ಟು ಹಡೆದಿ?" ಬೆರಳು ಮಡಚಿ ಎಣಿಸಿ, ಎಂಟು ಅಂದಳು. ಆ ಮೂರು ಕೂಸುಗಳ ಸುದ್ದಿ ನಮ್ಮಪ್ಪನಿಗೂ ಸರಿಯಾಗಿ ಗೊತ್ತಿರಲಿಲ್ಲ.

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯವರಿಗೆ ಇದೇನು ಹೊಸದಲ್ಲ ಅಲ್ವಾ. ಹಿಂದಿನ ಕೂಸುಗಳು ಉಳಿಯದಿದ್ದರೆ ಮುಂದಿನದನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು, ತಿಪ್ಪಣ್ಣ, ತಿಪ್ಪವ್ವ ಅಂತ ಹೆಸರಿಡುವ ರೂಢಿ ನಮ್ಮಲ್ಲೇ ಇತ್ತು. ಕೂಸುಗಳ ಸಾವು ಊರಿನ ಎಲ್ಲ ಮನೆಗೂ ಸಮನಾಗಿ ಬರುವುದಿಲ್ಲ, ಕೆಲವೇ ಮನೆಗಳಲ್ಲಿ ಮತ್ತೆ ಮತ್ತೆ ಆಗುತ್ತದೆ. ಮಂದಿ ಇದನ್ನು ಶಾಪ, ಬಾಲಗ್ರಹ, ಸೊಸೆಯ ಕಾಲ್ಗುಣ ಅನ್ನುತ್ತಾರೆ. ಆದರೆ ಕಾರಣ ಹುಡುಕಿದರೆ ಬಹಳ ಸಲ ಸಿಗುತ್ತದೆ, ಹಲವಕ್ಕೆ ಈಗ ಚಿಕಿತ್ಸೆಯೂ ಇದೆ.

ಮೊದಲು ಮನೆಯ ಹಿರಿಯ ಹೆಂಗಸರ ಜೊತೆ ಒಂದು ಮಧ್ಯಾಹ್ನ ಕುಳಿತುಕೊಳ್ಳಿ. ಎರಡೂ ಕಡೆಯವರು ಬೇಕು, ತವರಿನವರೂ ಅತ್ತೆ ಮನೆಯವರೂ. ಒಬ್ಬೊಬ್ಬ ತಾಯಿಯ ಎಲ್ಲ ಬಸಿರುಗಳನ್ನೂ ಸಾಲಾಗಿ ಬರೆಯಿರಿ. ಇಳಿದುಹೋದದ್ದು, ಹೊಟ್ಟೆಯಲ್ಲೇ ಹೋದದ್ದು, ಹುಟ್ಟಿ ಒಂದು ಗಂಟೆ ಇದ್ದದ್ದು, ಯಾವುದನ್ನೂ ಬಿಡಬೇಡಿ. ಇಸವಿ ನೆನಪಿರುವುದಿಲ್ಲ, ಅದಕ್ಕೆ ಒತ್ತಾಯ ಮಾಡಬೇಡಿ. 2009ರ ನೆರೆಗೆ ಮೊದಲೋ ಆಮೇಲೋ, ಭತ್ತದ ನಾಟಿ ಟೈಮಾ, ಗುಳೆ ಹೋದಾಗಲಾ ಅಂತ ಕೇಳಿ. ಹಿಂದಿನ ಕೂಸು ಆಗ ನಡೆಯುತ್ತಿತ್ತಾ, ಇನ್ನೂ ಎದೆಹಾಲು ಕುಡಿಯುತ್ತಿತ್ತಾ ಅಂತ ಕೇಳಿದರೆ ಎರಡು ಹೆರಿಗೆಗಳ ಅಂತರ ತಾನಾಗಿಯೇ ಗೊತ್ತಾಗುತ್ತದೆ. ಕೇಳುವಾಗ ಯಾರೂ ಸೊಸೆಯ ಕಡೆ ಬೆರಳು ತೋರಿಸದಂತೆ ನೋಡಿಕೊಳ್ಳಿ. ಅವರು ಅತ್ತರೆ ಅಳಲಿ, ಹಾಳೆ ಪಕ್ಕಕ್ಕಿಡಿ, ನಾಳೆ ಮುಂದುವರಿಸಿ.

ಈಗ ಆ ಹಾಳೆಯನ್ನು ಓದಬೇಕು. ಕೂಸು ಎಷ್ಟು ದಿನಕ್ಕೆ ಹೋಯಿತು ಅನ್ನುವುದು ಎಲ್ಲಕ್ಕಿಂತ ಮುಖ್ಯ. ಮೊದಲ ವಾರದಲ್ಲೇ ಹೋಗಿದ್ದರೆ ದಿನ ತುಂಬದ ಹೆರಿಗೆ, ಎರಡೂವರೆ ಕಿಲೋಗಿಂತ ಕಡಿಮೆ ತೂಕ, ಹುಟ್ಟಿದಾಗ ಉಸಿರು ಕಟ್ಟಿದ್ದು, ನಂಜು, ಇಂಥವು ಇರಬಹುದು. ತಿಂಗಳು ದಾಟಿ ಹೋಗಿದ್ದರೆ ನ್ಯುಮೋನಿಯಾ, ಭೇದಿ, ಹಾಲು ಸಾಲದ್ದು ಹೆಚ್ಚು. ಮೊದಲ ಕೂಸು ಚೆನ್ನಾಗಿದ್ದು, ಆಮೇಲಿನವು ಹೊಟ್ಟೆಯಲ್ಲೇ ಹೋಗಿದ್ದರೆ ಅಥವಾ ಹುಟ್ಟಿದ ದಿನವೇ ಮೈಯೆಲ್ಲ ಹಳದಿಯಾಗಿದ್ದರೆ ತಾಯಿಯ ರಕ್ತದ ಗುಂಪು ನೆಗೆಟಿವ್ ಇದೆಯಾ ನೋಡಿಸಿ. ನೆಗೆಟಿವ್ ತಾಯಿಗೆ ಪಾಸಿಟಿವ್ ಕೂಸು ಹುಟ್ಟಿದರೆ 72 ಗಂಟೆಯೊಳಗೆ ಕೊಡುವ ಆಂಟಿ-ಡಿ ಇಂಜೆಕ್ಷನ್ ಮುಂದಿನ ಕೂಸನ್ನು ಕಾಪಾಡುತ್ತದೆ, ಆದರೆ ಹಿಂದಿನ ಕೂಸುಗಳಿಗೆ ಆಗಲೇ ಈ ತೊಂದರೆ ಆಗಿದ್ದರೆ ಇದು ಸಾಲದಿರಬಹುದು. ಗರ್ಭ ಇಳಿದಾಗಲೂ ಇದು ಬೇಕಾಗಬಹುದು, ಕೇಳಿ.

ಅಂತರ ಕಡಿಮೆ ಇದ್ದರೂ ಅಪಾಯ. ಕೂಸು ಹುಟ್ಟಿದ ಮೇಲೆ ಕನಿಷ್ಠ ಎರಡು ವರ್ಷ ಬಿಟ್ಟು ಮುಂದಿನ ಬಸಿರು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕೂಸು ಹೋದ ಮನೆಯಲ್ಲಿ ಇದಕ್ಕೆ ಉಲ್ಟಾ ಆಗುತ್ತದೆ. ಎದೆಹಾಲು ನಿಂತಿರುವುದರಿಂದ ಬೇಗ ಬಸಿರಾಗುತ್ತದೆ, ಮನೆಯವರೂ ಬೇಗ ಇನ್ನೊಂದು ಆಗಲಿ ಅನ್ನುತ್ತಾರೆ, ರಕ್ತ ಕಡಿಮೆಯಾದ ಅದೇ ಮೈಯಲ್ಲಿ ಮುಂದಿನ ಕೂಸು ಬೆಳೆಯುತ್ತದೆ. 18 ತುಂಬದ ಹುಡುಗಿಯ ಮೊದಲ ಕೂಸಿಗೂ ಅಪಾಯ ಜಾಸ್ತಿ.

ಒಳಸಂಬಂಧದ ಬಗ್ಗೆ ಮುಚ್ಚುಮರೆ ಬೇಡ. ಸೋದರಮಾವನಿಗೋ ಅತ್ತೆ ಮಗನಿಗೋ ಕೊಟ್ಟ ಎಲ್ಲರ ಮಕ್ಕಳಿಗೂ ತೊಂದರೆ ಆಗುವುದಿಲ್ಲ. ಆದರೆ ಒಂದೇ ಥರದ ಕಾಯಿಲೆಯ ದೋಷ ಗಂಡ ಹೆಂಡತಿ ಇಬ್ಬರಲ್ಲೂ ಅಡಗಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಕೂಸಿಗೆ ಆ ಕಾಯಿಲೆ ಬರುವ ಸಂಭವ. ಒಂದು ಹೋಯಿತು, ಇನ್ನು ಮೂರು ಉಳಿಯುತ್ತವೆ ಅನ್ನುವ ಲೆಕ್ಕ ತಪ್ಪು. ಪ್ರತಿ ಸಲವೂ ಲೆಕ್ಕ ಮೊದಲಿನಿಂದ ಶುರು.

ಹೆಣ್ಣು ಕೂಸುಗಳೇ ಹೆಚ್ಚು ಹೋಗಿವೆಯಾ ಅಂತಲೂ ಎಣಿಸಿ. ಹುಟ್ಟಿನಿಂದ ನೋಡಿದರೆ ಗಂಡು ಕೂಸೇ ಸ್ವಲ್ಪ ಸೂಕ್ಷ್ಮ. ತಿಂಗಳು ದಾಟಿದ ಹೆಣ್ಣು ಕೂಸುಗಳೇ ಹೋಗಿದ್ದರೆ, ಜ್ವರ ಬಂದಾಗ ಎಷ್ಟು ದಿನಕ್ಕೆ ಆಸ್ಪತ್ರೆಗೆ ಒಯ್ದಿದ್ದೆವು ಅಂತ ನಮ್ಮನ್ನೇ ಕೇಳಿಕೊಳ್ಳಬೇಕು.

ಹಾಳೆ ತೆಗೆದುಕೊಂಡು ಬಸಿರಾಗುವ ಮೊದಲೇ ಗಂಡ ಹೆಂಡತಿ ಇಬ್ಬರೂ ಡಾಕ್ಟರ ಹತ್ತಿರ ಹೋಗಿ. ಹಳೆಯ ಡಿಸ್ಚಾರ್ಜ್ ಕಾಗದ, ಸ್ಕ್ಯಾನ್, ಏನಿದ್ದರೂ ಒಯ್ಯಿರಿ, ದುಃಖದಲ್ಲಿ ಅವನ್ನು ಸುಟ್ಟುಹಾಕಬೇಡಿ. ರಕ್ತದ ಗುಂಪು, ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್, ಸಿಫಿಲಿಸ್ ಪರೀಕ್ಷೆ ಕೇಳಿ. ಒಳಸಂಬಂಧ ಇದ್ದರೆ ಹೆತ್ತವರಿಂದ ಬರುವ ರಕ್ತದ ಕಾಯಿಲೆಗಳಾದ ಥಲಸ್ಸೀಮಿಯಾ, ಸಿಕಲ್ ಸೆಲ್ ಪರೀಕ್ಷೆಯನ್ನೂ ಕೇಳಿ. ಫೋಲಿಕ್ ಆಸಿಡ್ ಮಾತ್ರೆ ಬಸಿರಾಗುವ ಕನಿಷ್ಠ ಒಂದು ತಿಂಗಳ ಮೊದಲೇ ಶುರುವಾದರೆ ಒಳ್ಳೆಯದು. ಹಿಂದೆ ಮೊದಲ ವಾರದಲ್ಲೇ ಕೂಸು ಹೋಗಿದ್ದರೆ ಹೆರಿಗೆ ನವಜಾತ ಶಿಶು ಘಟಕ ಇರುವ ಕಡೆಯೇ ಆಗಲಿ. ರಾಯಚೂರಿನ ರಿಮ್ಸ್, ಕೊಪ್ಪಳ ಮತ್ತು ಬಳ್ಳಾರಿಯ ಮೆಡಿಕಲ್ ಕಾಲೇಜು ಆಸ್ಪತ್ರೆ, ಯಾವುದಕ್ಕೆ ಅಂತ ಏಳನೇ ತಿಂಗಳಲ್ಲೇ ತೀರ್ಮಾನ ಮಾಡಿ. ಗುಳೆ ಹೋಗುವುದಾದರೆ ತಾಯಿ ಕಾರ್ಡ್ ಬುತ್ತಿಗಂಟಿನ ಜೊತೆಗೇ ಇರಲಿ.

ಕೂಸು ಹುಟ್ಟಿದ ಮೇಲೆ ಜೇನುತುಪ್ಪ, ಸಕ್ಕರೆ ನೀರು, ಬಜೆ ಏನೂ ಬೇಡ. ಮೊದಲ ಹಾಲನ್ನು ಹಿಂಡಿ ಚೆಲ್ಲಬೇಡಿ. ಬರೆಯಂತೂ ಹಾಕಲೇಬೇಡಿ. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸನ್ನು ನೋಡಲು ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಬರಬೇಕು. ಬಾಣಂತನಕ್ಕೆ ತವರಿಗೆ ಹೋದರೆ ಅಲ್ಲಿನ ಆಶಾಗೆ ಮೊದಲೇ ಹೇಳಿಡಿ, ಈ ಹಾಳೆಯನ್ನೂ ತೋರಿಸಿ. ಕೂಸು ಹಾಲು ಚೀಪುವುದನ್ನು ಬಿಟ್ಟರೆ, ಮೈ ತಣ್ಣಗಾದರೆ ಅಥವಾ ಸುಟ್ಟರೆ, ಅಂಗೈ ಅಂಗಾಲು ಹಳದಿಯಾದರೆ, ಫಿಟ್ಸ್ ಬಂದರೆ, ಎದೆ ಒಳಗೆ ಸೆಳೆದರೆ, ನಿಮಿಷಕ್ಕೆ 60 ಅಥವಾ ಹೆಚ್ಚು ಸಲ ಉಸಿರಾಡಿದರೆ ಬೆಳಗಾಗಲಿ ಅಂತ ಕಾಯಬೇಡಿ, ಹಿರಿಯರ ಅಪ್ಪಣೆಗೂ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಕೂಸನ್ನು ತಾಯಿಯ ಬರಿ ಎದೆಗೆ ಒತ್ತಿ ಮೇಲೆ ಬಟ್ಟೆ ಹೊದಿಸಿಕೊಂಡು ಹೊರಡಿ.